4.10 ಎಂಬ ಹುಚ್ಚು

ದಿನವೂ ಓಡಿಸುವ ಕಾರಿಗೆ ಹಿಂದಿನ ಅಚ್ಚಿನಲ್ಲಿ 4.10 ಹಾಕಿಸು ಎಂದು ಸಲಹೆ ಕೊಡುವವರಲ್ಲಿ ಹೆಚ್ಚಿನವರು ಆ ಕಾರನ್ನು ದಿನವೂ ಓಡಿಸುವವರಲ್ಲ. ಇದು ನಾನು ಮೂರು ವರ್ಷದಿಂದ ಓಹಾಯೋದಲ್ಲಿ ಕೂತು, ಗೇರಿನ ಹಲ್ಲುಗಳ ಸದ್ದಿನ ಮೇಲೆ ಪಿಎಚ್‌.ಡಿ. ಮಾಡುತ್ತಾ, ಸುತ್ತಲಿನ ಕಾರುಪ್ರೇಮಿಗಳ ಮಾತು ಕೇಳಿ ಕೇಳಿ ಬಂದ ತೀರ್ಮಾನ. ನಮ್ಮ ಕಡೆ ಗೇರು ಎಂದರೆ ಗೋಡಂಬಿ ಮರ. ಊರಿಗೆ ಫೋನು ಮಾಡಿ 'ಗೇರಿನ ಮೇಲೆ ಸಂಶೋಧನೆ' ಎಂದಾಗ ಅಜ್ಜಿ ಬಹಳ ದಿನ ನಾನು ತೋಟಗಾರಿಕೆ ಓದುತ್ತಿದ್ದೇನೆ ಅಂದುಕೊಂಡಿದ್ದರು. ಅದು ಹೋಗಲಿ.

ವಿಷಯ ಇಷ್ಟು. ನನ್ನ ಲ್ಯಾಬಿನ ಗೆಳೆಯನೊಬ್ಬನ ಬಳಿ ಅವನ ಅಪ್ಪ ಕೊಟ್ಟ 1990ರ ಫೋರ್ಡ್ ಮಸ್ಟ್ಯಾಂಗ್ ಎಲ್‌ಎಕ್ಸ್ ಇದೆ. ಐದು ಲೀಟರಿನ ವಿ-8 ಎಂಜಿನ್, ಐದು ಗೇರಿನ ಟಿ-5 ಗೇರ್‌ಬಾಕ್ಸ್, ಹಿಂದೆ 2.73ರ ಕ್ರೌನ್ ಪಿನಿಯನ್. ದಿನವೂ ಹೆದ್ದಾರಿಯಲ್ಲಿ ಹೋಗಿ ಬರಲು ನೂರು ಕಿಲೋಮೀಟರ್, ಅದರ ಮೇಲೆ ಸಿಗ್ನಲ್ಲುಗಳ ನಡುವೆ ಒಂದಿಷ್ಟು. ಅವನು ಕೇಳಿದ ಕಡೆಯೆಲ್ಲ ಒಂದೇ ಉತ್ತರ: 2.73 ಅಜ್ಜಂದಿರಿಗೆ, ಕನಿಷ್ಠ 3.73 ಹಾಕು, ಧೈರ್ಯ ಇದ್ದರೆ 4.10. 'ಧೈರ್ಯ ಇದ್ದರೆ' ಎಂಬ ಮಾತನ್ನು ಗಮನಿಸಿ. ಹಲ್ಲುಗಳ ಲೆಕ್ಕಕ್ಕೆ ಎದೆಗಾರಿಕೆ ಬೇಕಂತೆ.

ಕಾರಿನ ಕೆಳಗೆ ಇಣುಕಿ ನೋಡದವರಿಗೆ ಎರಡು ಮಾತು. ಎಂಜಿನ್ ಮುಂದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಒಂದು ಉದ್ದ ಶಾಫ್ಟು ಹಿಂದಿನ ಅಚ್ಚಿನವರೆಗೆ. ನಮ್ಮೂರಿನ ಲಾರಿ ಹೋಗುವಾಗ ಹಿಂದಿನಿಂದ ನೋಡಿದರೆ ಎರಡು ಗಾಲಿಗಳ ಮಧ್ಯೆ ಕುಂಬಳಕಾಯಿಯಷ್ಟು ದಪ್ಪ ಕಬ್ಬಿಣದ ಗುಂಡು ಕಾಣುತ್ತದಲ್ಲ, ಅದರೊಳಗೆ ಒಂದು ಸಣ್ಣ ಪಿನಿಯನ್ನೂ ಒಂದು ದೊಡ್ಡ ಕ್ರೌನೂ ಇರುತ್ತವೆ. ಶಾಫ್ಟು ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ ಕ್ರೌನನ್ನು, ಕ್ರೌನ್ ಗಾಲಿಗಳನ್ನು. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 15 ಇದ್ದರೆ 2.73. ಅದೇ 41ಕ್ಕೆ 11 ಇದ್ದರೆ 3.73, 10 ಇದ್ದರೆ 4.10. ಅಂದರೆ ಗಾಲಿ ಒಂದು ಸುತ್ತು ಬರಲು ಶಾಫ್ಟು 4.10 ಸುತ್ತು ಬರಬೇಕು. ಅಂಕಿ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು, ಎಂಜಿನ್ ಸುತ್ತುವುದೂ ಹೆಚ್ಚು. ಗೇರ್ ಸೈಕಲ್ಲಿನಲ್ಲಿ ಹಿಂದಿನ ದೊಡ್ಡ ಚಕ್ರಕ್ಕೆ ಚೈನು ಹಾಕಿ ಏರು ಹತ್ತಿದವರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಸರಿಯಾಗಿ 4.00 ಯಾಕಿಲ್ಲ ಎಂದರೆ, 40ಕ್ಕೆ 10 ಇಟ್ಟರೆ ಪ್ರತಿ ಹಲ್ಲೂ ತನ್ನ ಅದೇ ಜೊತೆಗಾರ ಹಲ್ಲುಗಳನ್ನೇ ಮತ್ತೆ ಮತ್ತೆ ಕಚ್ಚುತ್ತದೆ, ಒಂದರ ಸವೆತ ಇನ್ನೊಂದಕ್ಕೆ ಕೆತ್ತಿ ಕೂರುತ್ತದೆ. 41 ಅವಿಭಾಜ್ಯ ಸಂಖ್ಯೆ. ಎಲ್ಲ ಹಲ್ಲೂ ಎಲ್ಲ ಹಲ್ಲನ್ನೂ ಸರದಿಯಲ್ಲಿ ಭೇಟಿಯಾಗುತ್ತವೆ. ನನಗೆ ಈ ಕ್ಷೇತ್ರದಲ್ಲಿ ತುಂಬ ಇಷ್ಟವಾದ ಸಂಗತಿಗಳಲ್ಲಿ ಇದೊಂದು.

ಈಗ ಜಗಳಕ್ಕೆ ಬರುತ್ತೇನೆ. ಆ ಗೇರ್‌ಬಾಕ್ಸಿನ ಐದು ಗೇರುಗಳು ಹೀಗಿವೆ: 3.35, 1.99, 1.33, 1.00, 0.68. ಇವನ್ನು ಹಿಂದಿನ ಅಚ್ಚಿನ ಅಂಕಿಯಿಂದ ಗುಣಿಸಿದರೆ ಎಂಜಿನ್ನಿಗೂ ಗಾಲಿಗೂ ನಡುವಿನ ಒಟ್ಟು ಲೆಕ್ಕ ಸಿಗುತ್ತದೆ. ಸಲಹೆ ಕೊಟ್ಟವರಲ್ಲಿ ಒಬ್ಬರಾದರೂ ಈ ಗುಣಾಕಾರ ಮಾಡಿದ್ದನ್ನು ನಾನು ಕಾಣಲಿಲ್ಲ. 2.73ರ ಕಾರಿನಲ್ಲಿ ಬರುವ ಫಲ: 9.15, 5.43, 3.63, 2.73, 1.86. 4.10ರ ಕಾರಿನಲ್ಲಿ: 13.74, 8.16, 5.45, 4.10, 2.79. ಈ ಎರಡು ಸಾಲುಗಳನ್ನು ದಯವಿಟ್ಟು ಇನ್ನೊಮ್ಮೆ ಓದಿ. 4.10ರ ಮೂರನೇ ಗೇರು ಎಂದರೆ 2.73ರ ಎರಡನೇ ಗೇರೇ. 5.45 ಮತ್ತು 5.43ರ ನಡುವಿನ ವ್ಯತ್ಯಾಸವನ್ನು ಕೂತವನ ಬೆನ್ನು ಗುರುತಿಸಲಾರದು. 4.10ರ ಐದನೆಯದು 2.73ರ ನಾಲ್ಕನೆಯದಕ್ಕೆ ಹೆಚ್ಚುಕಮ್ಮಿ ಸಮ. 3.73 ಹಾಕಿದರೂ ಇದೇ ಕಥೆ, ಅದರ ನಾಲ್ಕನೆಯದು 3.73, ಹಳೆಯ ಕಾರಿನ ಮೂರನೆಯದು 3.63.

ಅಂದರೆ ಸಾವಿರ ಡಾಲರಿನ ಆಸುಪಾಸು ಖರ್ಚು ಮಾಡಿ ಗೆಳೆಯ ಪಡೆಯುವುದು ಬಹುಪಾಲು ಅವನ ಬಳಿ ಆಗಲೇ ಇರುವುದನ್ನೇ. ಹೆದ್ದಾರಿಯಲ್ಲಿ ಮುಂದಿನ ಲಾರಿಯನ್ನು ದಾಟಬೇಕೇ? ಐದರಿಂದ ನಾಲ್ಕಕ್ಕೋ ಮೂರಕ್ಕೋ ಇಳಿಸಿದರೆ ಅದೇ ಬಲ ಪುಕ್ಕಟೆಯಾಗಿ ಸಿಗುತ್ತದೆ. '4.10 ಹಾಕಿದ ಮೇಲೆ ಕಾರು ಬೇರೆಯೇ ಆಯಿತು' ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಅನಿಸುವುದು ನಿಜ. ಯಾಕೆಂದರೆ ಅವರು ಮೊದಲು ಯಾವ ಗೇರಿನಲ್ಲಿ ಆಕ್ಸಿಲರೇಟರ್ ಒತ್ತುತ್ತಿದ್ದರೋ ಈಗಲೂ ಅದೇ ಗೇರಿನಲ್ಲಿ ಒತ್ತುತ್ತಾರೆ. ಕೈ ಬದಲಾಗಲಿಲ್ಲ, ಆದ್ದರಿಂದ ಕಾರು ಬದಲಾದಂತೆ ಕಂಡಿತು. ಗೇರ್ ಕಡ್ಡಿಯನ್ನು ಒಂದು ಮನೆ ಹಿಂದಕ್ಕೆ ಎಳೆಯಲು ಸೋಮಾರಿತನ ಪಟ್ಟದ್ದಕ್ಕೆ ಹಿಂದಿನ ಅಚ್ಚನ್ನೇ ಬಿಚ್ಚಿಸುವುದು ನನಗೆ ಅರ್ಥವಾಗದ ಉತ್ಸಾಹ.

ಹಾಗಾದರೆ ನಿಜವಾಗಿ ಹೊಸದಾಗಿ ಸಿಗುವುದೇನು? ಒಂದು, 13.74ರ ಮೊದಲನೇ ಗೇರು. ಎರಡು, 8.16ರ ಎರಡನೆಯದು. ಕಳೆದುಕೊಳ್ಳುವುದು 1.86ರ ಐದನೆಯದನ್ನು. ಮೊದಲನೆಯದನ್ನೇ ನೋಡೋಣ. ಈ ಎಂಜಿನ್ನಿನ ಗರಿಷ್ಠ ತಿರುಚು ಬಲ 300 ಪೌಂಡ್-ಅಡಿ, ಸುಮಾರು 407 ನ್ಯೂಟನ್ ಮೀಟರ್. 2.73 ಇದ್ದಾಗಲೇ ಮೊದಲ ಗೇರಿನಲ್ಲಿ ಅದು ಒಂಬತ್ತು ಪಟ್ಟಾಗಿ, ದಾರಿಯಲ್ಲಿನ ನಷ್ಟ ಕಳೆದು, ರಸ್ತೆಯ ಮೇಲೆ ಒಂಬತ್ತು ಸಾವಿರದ ಏಳುನೂರು ನ್ಯೂಟನ್ನಿನಷ್ಟು ತಳ್ಳುತ್ತದೆ. ಆ ಕಾರಿನ ಹಿಂದಿನ ಎರಡು ಸಾಮಾನ್ಯ ಟೈರುಗಳು ಒಣ ಡಾಂಬರಿನಲ್ಲಿ ಹಿಡಿದುಕೊಳ್ಳಬಲ್ಲದ್ದು, ನನ್ನ ಅಂದಾಜಿನಲ್ಲಿ, ಏಳು ಸಾವಿರ. ಇರುವ ಬಲವೇ ಟೈರಿನ ಹಿಡಿತವನ್ನು ಮೀರಿದೆ. ಅದರ ಮೇಲೆ ಇನ್ನರ್ಧ ಪಟ್ಟು ಸೇರಿಸಿದರೆ ಹೊಗೆ ಬರುತ್ತದೆ, ವೇಗ ಬರುವುದಿಲ್ಲ. ಓಟದ ಪಟ್ಟಿಯಲ್ಲಿ ಅಂಟುವ ಟೈರು ಹಾಕಿಕೊಂಡು ಕಾಲು ಮೈಲಿ ಓಡಿಸುವವರ ಲೆಕ್ಕ ಬೇರೆ. ಅವರಿಗೆ 4.10 ಸರಿಯೇ, ಅವರ ಜೊತೆ ನನಗೆ ಜಗಳವಿಲ್ಲ. ಆದರೆ ನನ್ನ ಗೆಳೆಯನ ರಸ್ತೆಯಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ ಹಿಮ ಬೀಳುತ್ತದೆ. ಹಿಮದಲ್ಲಿ ಹಿಂದಿನ ಗಾಲಿ ತಿರುಗುವ ಕಾರನ್ನು ಹೊರಡಿಸುವವರು ಬಲ ಕಡಿಮೆ ಮಾಡಲೆಂದು ಎರಡನೇ ಗೇರಿನಲ್ಲಿ ಹೊರಡುತ್ತಾರೆ. ದುಡ್ಡು ಕೊಟ್ಟು ಕೊಂಡ ಮೊದಲ ಗೇರನ್ನು ವರ್ಷದಲ್ಲಿ ನಾಲ್ಕು ತಿಂಗಳು ಮುಟ್ಟದೇ ಇರಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಂಗಡದವರು ಚಪ್ಪಾಳೆ ತಟ್ಟಲು ಎದ್ದು ನಿಲ್ಲುತ್ತಾರೆ. 'ಕಂಪನಿಯವರಿಗೆ ಗೊತ್ತಿಲ್ಲವೇ? ಅವರು ಕೊಟ್ಟದ್ದನ್ನು ಹಾಗೇ ಇಟ್ಟುಕೊ' ಎನ್ನುವವರು. ಇವರ ಭಕ್ತಿಯೂ ನನಗೆ ಬೇಡ. ಯಾಕೆಂದರೆ 2.73 ಎಂಬುದು ಎಂಜಿನಿಯರುಗಳು ಒಳ್ಳೆಯ ಕಾರೊಂದನ್ನು ಮನಸ್ಸಿನಲ್ಲಿಟ್ಟುಕೊಂಡಷ್ಟರಿಂದಲೇ ಹುಟ್ಟಿದ ಅಂಕಿಯಲ್ಲ. ಅದರ ಹಿಂದೆ ಒಂದು ಇತಿಹಾಸವಿದೆ. 1973ರ ತೈಲ ಬಿಕ್ಕಟ್ಟಾದ ಮೇಲೆ 1974ರಲ್ಲಿ ಅಮೆರಿಕ ಇಡೀ ದೇಶದ ಹೆದ್ದಾರಿಗಳಿಗೆ ಗಂಟೆಗೆ 55 ಮೈಲಿಯ ಮಿತಿ ಹಾಕಿತು. 1975ರ ಕಾನೂನು ಪ್ರತಿ ಕಂಪನಿಯೂ ತಾನು ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಗೆ ಲೆಕ್ಕ ಕೊಡಬೇಕೆಂದಿತು. 1978ರ ಮಾದರಿಗೆ ಗ್ಯಾಲನ್ನಿಗೆ 18 ಮೈಲಿ ಇದ್ದ ಗುರಿ 1985ಕ್ಕೆ 27.5 ಆಯಿತು. ಅತಿಯಾಗಿ ಪೆಟ್ರೋಲು ಕುಡಿಯುವ ಕಾರುಗಳ ಮೇಲೆ ಪ್ರತ್ಯೇಕ ತೆರಿಗೆಯೂ ಬಂತು. ಇದನ್ನೆಲ್ಲ ಅಳೆಯಲು ಸರ್ಕಾರ ಇಟ್ಟ ಹೆದ್ದಾರಿ ಪರೀಕ್ಷೆಯಲ್ಲಿ ಕಾರು ಎಲ್ಲೂ ಗಂಟೆಗೆ 60 ಮೈಲಿ ದಾಟುವುದಿಲ್ಲ, ಸರಾಸರಿ 48 ಮಾತ್ರ. ಅಂಥ ಪರೀಕ್ಷೆಗೆ ಕೂರುವ ಕಾರಿಗೆ ಎಂಜಿನ್ ಆದಷ್ಟು ನಿಧಾನ ಸುತ್ತುವಂತೆ ಮಾಡುವುದೇ ಜಾಣತನ. 55 ಮೈಲಿಯಲ್ಲಿ 2.73ರ ಐದನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,340 ಸುತ್ತು ಬರುತ್ತದೆ. ಅದು ಓಡುವುದಲ್ಲ, ತೂಕಡಿಸುವುದು. ಚಿಕ್ಕ ಮೇಲ್ಸೇತುವೆ ಬಂದರೂ ಕಾರು ಗೊಣಗುತ್ತದೆ.

ಕಾನೂನಿಗಾಗಿ ಗೇರು ರೂಪುಗೊಂಡ ಇನ್ನೂ ಮೋಜಿನ ಉದಾಹರಣೆ 1989ರ ಕಾರ್ವೆಟ್. ಅದರ ಆರು ಗೇರಿನ ಗೇರ್‌ಬಾಕ್ಸಿನಲ್ಲಿ, ನಿಧಾನವಾಗಿ ಹೋಗುವಾಗ ಒಂದರಿಂದ ಎರಡಕ್ಕೆ ಹಾಕಲು ಹೋದರೆ ಕಡ್ಡಿ ತಾನೇ ನಾಲ್ಕಕ್ಕೆ ಹೋಗಿ ಕೂರುವಂತೆ ಒಂದು ತಡೆ ಇಟ್ಟಿದ್ದರು. ಓಡಿಸುವವನಿಗೆ ಅದರಿಂದ ಏನೂ ಉಪಯೋಗವಿಲ್ಲ. ಪರೀಕ್ಷೆಯಲ್ಲಿ ಇಂಧನದ ಅಂಕಿ ಚೆನ್ನಾಗಿ ಬಂತು, ತೆರಿಗೆ ತಪ್ಪಿತು, ಅಷ್ಟೇ. ನಾನು ಆ ಕಾನೂನುಗಳ ವಿರೋಧಿಯಲ್ಲ, ಒಟ್ಟಿನಲ್ಲಿ ಅವು ಒಳ್ಳೆಯವೇ. ಆದರೆ 55 ಮೈಲಿಯ ಮಿತಿ 1995ರಲ್ಲಿ ರದ್ದಾಯಿತು, ನನ್ನ ಗೆಳೆಯನ ಹೆದ್ದಾರಿ ಇವತ್ತು 70ರಲ್ಲಿ ಓಡುತ್ತದೆ. ಅಚ್ಚಿನೊಳಗೆ ಮಾತ್ರ ಹಳೆಯ ದೇಶವೇ ಕೂತಿದೆ. ಅದನ್ನು ಎಂಜಿನಿಯರಿಂಗ್ ವಿವೇಕವೆಂದು ಪೂಜಿಸುವುದು, ಹಳೆಯ ಸುತ್ತೋಲೆಯನ್ನು ಶಾಸ್ತ್ರವೆಂದು ಓದಿದ ಹಾಗೆ.

ಸಾಹಿತ್ಯದ ಪತ್ರಿಕೆಯಲ್ಲಿ ಇದೇನು ಕ್ರೌನ್ ಪಿನಿಯನ್ ಪುರಾಣ ಎಂದು ಕೆಲವರು ಇಷ್ಟೊತ್ತಿಗೆ ಕೇಳಿಕೊಂಡಿರಬಹುದು. ಕವಿತೆಯ ಒಂದು ಸಾಲನ್ನು ಕಿತ್ತು ತಂದು ಕವಿಯನ್ನೇ ಅಳೆಯುವವರನ್ನು ನಾವು ಇಲ್ಲಿ ವಾರವಾರ ಬೈಯುತ್ತೇವೆ. ಸಂದರ್ಭ ಬಿಟ್ಟು ಓದಬಾರದು ಎನ್ನುತ್ತೇವೆ. ಅಂಕಿ ಬಂದ ಕೂಡಲೇ ಮಾತ್ರ ನಮ್ಮ ಓದುಗತನ ಬಾಗಿಲ ಹೊರಗೆ ನಿಲ್ಲುತ್ತದೆ. 'ಅದು ಟೆಕ್ನಿಕಲ್' ಎಂದು ಬಿಟ್ಟುಕೊಡುತ್ತೇವೆ, ಬಿಟ್ಟುಕೊಟ್ಟ ಜಾಗದಲ್ಲಿ ಗಟ್ಟಿ ದನಿಯವರು ಬಂದು ಕೂರುತ್ತಾರೆ. 4.10 ಎಂಬ ಅಂಕಿಗೂ ಸಂದರ್ಭವಿದೆ. ಮಾಜ್ದಾ ಮಿಯಾಟಾ ಎಂಬ ಪುಟ್ಟ ಕಾರಿನ 1990ರ ಮಾದರಿಯಲ್ಲಿ ಹಿಂದಿನ ಅಚ್ಚು 4.30. ಅದು ಗಂಟೆಗೆ 70 ಮೈಲಿಯಲ್ಲಿ ಹೋಗುವಾಗ ಎಂಜಿನ್ 3,600 ಸುತ್ತು ಬರುತ್ತದೆ. ಜನ ಅದನ್ನು ದಿನವೂ ಖುಷಿಯಾಗಿ ಓಡಿಸುತ್ತಾರೆ. ಯಾಕೆಂದರೆ 1.6 ಲೀಟರಿನ ಆ ಎಂಜಿನ್ ಸುತ್ತಲೆಂದೇ ಮಾಡಿದ್ದು, ಕೆಳಗೆ ಅದಕ್ಕೆ ಬಲವಿಲ್ಲ. 1997ರಲ್ಲಿ ಬಂದ ಕಾರ್ವೆಟ್ಟಿನ ಮ್ಯಾನುಯಲ್ ಮಾದರಿಯಲ್ಲಿ 3.42. ಕೇಳಲು 2.73ಕ್ಕಿಂತ ಗಡಸು. ಆದರೆ ಅದರ ಆರನೇ ಗೇರು 0.50, ಗುಣಿಸಿದರೆ 1.71. ನನ್ನ ಗೆಳೆಯನ 'ಅಜ್ಜನ ಗೇರಿ'ಗಿಂತಲೂ ಸಾವಧಾನದ್ದು. ಹಾಗಾಗಿ ಗೇರ್‌ಬಾಕ್ಸ್ ಯಾವುದು, ಟೈರು ಎಷ್ಟು ದೊಡ್ಡದು, ಎಂಜಿನ್ ಎಲ್ಲಿ ಬಲ ಕೊಡುತ್ತದೆ ಎಂದು ಕೇಳದೆ ಹಿಂದಿನ ಅಚ್ಚಿಗೆ ಇಂತಿಷ್ಟೇ ಒಳ್ಳೆಯದು ಎಂದು ಹೇಳುವುದು, ಕೃತಿ ಓದದೆ ವಿಮರ್ಶೆ ಬರೆದ ಹಾಗೆ. (ಅಂಥವರೂ ನಮ್ಮಲ್ಲಿದ್ದಾರೆ ಎನ್ನುವುದು ಬೇರೆ ಮಾತು.)

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಈ ಸಲಹೆಗಳಲ್ಲಿ ಕಾರು ಯಾವಾಗಲೂ ಶನಿವಾರ ರಾತ್ರಿಯಲ್ಲಿ ಓಡುತ್ತಿರುತ್ತದೆ. ಖಾಲಿ ರಸ್ತೆ, ಪಕ್ಕದಲ್ಲಿ ಇನ್ನೊಂದು ಕಾರು, ಹಸಿರು ದೀಪ. ಮಂಗಳವಾರ ಬೆಳಗ್ಗೆ ಏಳೂವರೆಗೆ ಮಂಜಿನಲ್ಲಿ ಲಾರಿಗಳ ಹಿಂದೆ ಹೋಗುವ ಕಾರು ಅಲ್ಲಿಲ್ಲ. ಗೆಳೆಯನ ಅಮ್ಮ ವಾರಕ್ಕೊಮ್ಮೆ ಇದೇ ಕಾರಿನಲ್ಲಿ ಅಂಗಡಿಗೆ ಹೋಗುತ್ತಾರೆ. ಅವರನ್ನು ಯಾರೂ ಏನೂ ಕೇಳಲಿಲ್ಲ. ನಾನು ಕೇಳಿದೆ. 'ಸಾಲಿನಲ್ಲಿ ನಿಂತು ನಿಂತು ಮುಂದಕ್ಕೆ ಹೋಗುವಾಗ ಕ್ಲಚ್ ಒತ್ತಿ ಕಾಲು ನೋಯುತ್ತೆ, ಅದಕ್ಕೇನಾದರೂ ಮಾಡಿ' ಅಂದರು. ಇಡೀ ಚರ್ಚೆಯಲ್ಲಿ ನನಗೆ ಕೇಳಿಸಿದ ಅತ್ಯಂತ ತಾಂತ್ರಿಕವಾದ ಮಾತು ಇದು. ಯಾಕೆಂದರೆ 2.73ರಲ್ಲಿ ಮೊದಲ ಗೇರು ಹಾಕಿ ಎಂಜಿನ್ನನ್ನು ಸುಮ್ಮನೆ 700 ಸುತ್ತಿನಲ್ಲಿ ಬಿಟ್ಟರೂ ಕಾರು ಗಂಟೆಗೆ ಒಂಬತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚೇ ಹೋಗುತ್ತದೆ. ಮುಂದಿನ ಕಾರು ಅದಕ್ಕಿಂತ ನಿಧಾನವಾಗಿ ತೆವಳುತ್ತಿದ್ದರೆ ಕ್ಲಚ್ಚನ್ನು ಅರ್ಧ ಹಿಡಿದೇ ಇರಬೇಕು. ಕಾಲೂ ಸವೆಯುತ್ತದೆ, ಕ್ಲಚ್ ಪ್ಲೇಟೂ ಸವೆಯುತ್ತದೆ. 3.55ರಲ್ಲಿ ಇದೇ ಏಳು, 4.10ರಲ್ಲಿ ಆರು. ದಿನದ ಕಾರಿಗೆ ಸ್ವಲ್ಪ ದೊಡ್ಡ ಅಂಕಿ ಬೇಕು ಎನ್ನಲು ಇರುವ ನಿಜವಾದ ಕಾರಣ ಇದು. ಗಂಡಸರ ಗುಂಪಿನಲ್ಲಿ ಈ ಕಾರಣ ಯಾರೂ ಹೇಳುವುದಿಲ್ಲ, ಕಾಲುನೋವು ಎಂದು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ.

ಹೆದ್ದಾರಿಯ ಕಡೆಯಿಂದಲೂ ನೋಡೋಣ. 70 ಮೈಲಿಯಲ್ಲಿ, ಐದನೇ ಗೇರಿನಲ್ಲಿ, ಅವನ ಟೈರಿನ ಅಳತೆಗೆ: 2.73ಕ್ಕೆ 1,700 ಸುತ್ತು, 3.08ಕ್ಕೆ 1,920, 3.27ಕ್ಕೆ 2,040, 3.55ಕ್ಕೆ 2,220, 3.73ಕ್ಕೆ 2,330, 4.10ಕ್ಕೆ 2,560. ಈ 2,560ರಿಂದ ಎಂಜಿನ್ ಹಾಳಾಗುತ್ತದೆ ಎಂದು ಹೆದರಿಸುವವರ ಮಾತನ್ನು ನಂಬಬೇಡಿ, ಹಾಗೇನೂ ಆಗುವುದಿಲ್ಲ. ಆದರೆ ವರ್ಷಕ್ಕೆ 240 ದಿನ, ದಿನಕ್ಕೆ ನೂರು ಕಿಲೋಮೀಟರ್ ಎಂದು ಹಿಡಿದರೆ 2.73ಕ್ಕಿಂತ 4.10ರಲ್ಲಿ ಎಂಜಿನ್ ವರ್ಷಕ್ಕೆ ಸುಮಾರು ಒಂದು ಕೋಟಿ ಒಂಬತ್ತು ಲಕ್ಷ ಸುತ್ತು ಹೆಚ್ಚು ಬರುತ್ತದೆ. ಪ್ರತಿ ಸುತ್ತಿಗೂ ನಾಲ್ಕು ಸಿಲಿಂಡರ್ ಉರಿಯಬೇಕು, ಎಂಟು ಪಿಸ್ಟನ್ ಉಜ್ಜಬೇಕು. ಆ ಪೆಟ್ರೋಲಿನ ದುಡ್ಡು ಸಂಶೋಧನಾ ವಿದ್ಯಾರ್ಥಿಯ ಸ್ಟೈಪೆಂಡಿನಿಂದ ಹೋಗುವುದು. ಸದ್ದಿನ ವಿಷಯದಲ್ಲಿ ನನಗೆ ಮಾತಾಡುವ ಹಕ್ಕು ಸ್ವಲ್ಪ ಹೆಚ್ಚು. 1,700ರಲ್ಲಿ ವಿ-8 ಎಂಜಿನ್ ಸೆಕೆಂಡಿಗೆ 113 ಸಲ ಉರಿಯುತ್ತದೆ, 2,560ರಲ್ಲಿ 171 ಸಲ. ಕೆಳಗಿನ ಶಾಫ್ಟು ನಿಮಿಷಕ್ಕೆ 2,500 ಸುತ್ತುತ್ತಿದ್ದದ್ದು 3,760ಕ್ಕೆ ಏರುತ್ತದೆ. ಮೂವತ್ತು ದಾಟಿದ ಕಾರಿನ ಶಾಫ್ಟಿನಲ್ಲಿ ತೂಕ ಚೂರು ಆಚೀಚೆ ಇದ್ದರೆ ಅದುವರೆಗೆ ಸುಮ್ಮನಿದ್ದದ್ದು ಈಗ ಸೀಟಿನ ಕೆಳಗೆ ಗುರ್ ಎನ್ನತೊಡಗುತ್ತದೆ.

ಇನ್ನು ಕ್ರೌನ್ ಪಿನಿಯನ್ ಬದಲಿಸುವುದೇ ಒಂದು ನಾಜೂಕಿನ ಕೆಲಸ. ಪಿನಿಯನ್ ಎಷ್ಟು ಒಳಗೆ ಕೂರಬೇಕು, ಹಲ್ಲುಗಳ ನಡುವೆ ಎಷ್ಟು ಸಡಿಲ ಬಿಡಬೇಕು ಎಂಬುದನ್ನು ತೆಳು ಷಿಮ್ಮುಗಳನ್ನು ಇಟ್ಟು ತೆಗೆದು ಹೊಂದಿಸಬೇಕು. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಕಚ್ಚಿದ ಗುರುತು ನೋಡಿ ಓದಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಚ್ಚು ಊಳಿಡುತ್ತದೆ, ಮತ್ತೆ ಆ ಸದ್ದನ್ನು ಯಾವ ಆಯಿಲೂ ಮುಚ್ಚುವುದಿಲ್ಲ. ಈ ಕೆಲಸ ಬಲ್ಲವರು ಕಡಿಮೆ, ಬಲ್ಲವರ ಕೂಲಿ ನ್ಯಾಯವಾಗಿಯೇ ಹೆಚ್ಚು. ಇದರ ಜೊತೆಗೆ ಸ್ಪೀಡೋಮೀಟರಿಗೆ ಹೋಗುವ ಚಿಕ್ಕ ಪ್ಲಾಸ್ಟಿಕ್ ಗೇರನ್ನೂ ಬದಲಿಸಬೇಕು. ಬದಲಿಸದೆ 4.10 ಹಾಕಿಸಿಕೊಂಡವನ ಮೀಟರು 60ರಲ್ಲಿ ಹೋಗುವಾಗ 90 ತೋರಿಸುತ್ತದೆ. ಅಂಥವರಲ್ಲಿ ಕೆಲವರಿಗೆ ಅದೇ ಬೇಕಾಗಿರುತ್ತದೋ ಏನೋ.

ನಾನು ಗೆಳೆಯನಿಗೆ ಹೇಳಿದ್ದು 3.27. 70ರಲ್ಲಿ ಎರಡು ಸಾವಿರದ ಹತ್ತಿರ ಸುತ್ತಿದರೆ ಐದನೇ ಗೇರು ಮೇಲ್ಸೇತುವೆಗಳನ್ನು ಗೊಣಗದೆ ಹತ್ತುತ್ತದೆ. ಮೊದಲ ಗೇರು 9.15ರಿಂದ 10.95ಕ್ಕೆ ಬಂದು ಸಾಲಿನಲ್ಲಿ ತೆವಳುವುದು ಹಗುರಾಗುತ್ತದೆ. 3.55 ಬೇಕೇ ಬೇಕು ಎಂದು ಹಠ ಹಿಡಿದಿದ್ದರೆ ನಾನು ಜಗಳ ಆಡುತ್ತಿರಲಿಲ್ಲ. ಪೇಟೆಯೊಳಗೇ ಓಡಾಡುವವನಾಗಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. 3.73ಕ್ಕೆ ಮಾತ್ರ, ಅವನ ದಿನದ ನೂರು ಕಿಲೋಮೀಟರ್ ಇರುವ ತನಕ, ಒಪ್ಪಲಾರೆ. 3.27ರ ಇನ್ನೊಂದು ಅನುಕೂಲ ಏನೆಂದರೆ ಅದನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ. ಅದೇ ಕಾಲದ ಆಟೊಮ್ಯಾಟಿಕ್ ಗೇರಿನ ಐದು ಲೀಟರ್ ಮಸ್ಟ್ಯಾಂಗುಗಳಲ್ಲಿ ಕೆಲವಕ್ಕೆ ಕಂಪನಿಯೇ 3.27 ಹಾಕಿ ಕೊಟ್ಟಿತ್ತು. ಗುಜರಿ ಅಂಗಳದಲ್ಲಿ ಅಂಥದ್ದೊಂದು ಸಿಕ್ಕರೆ ಇಡೀ ಅಚ್ಚನ್ನೇ ಇಳಿಸಿ ತಂದು ಬೋಲ್ಟು ಬಿಗಿದರಾಯಿತು. ಕಾರ್ಖಾನೆಯಲ್ಲಿ ಕೂರಿಸಿದ ಹಲ್ಲುಗಳನ್ನು ಯಾರೂ ಬಿಚ್ಚಿ ಹೊಂದಿಸಬೇಕಾಗಿಲ್ಲ. ಅಲ್ಲಿಗೆ ಹೋದಾಗ ಮಾರುವವನ ಮಾತು ನಂಬದೆ, ಎರಡೂ ಗಾಲಿ ಎತ್ತಿ, ಜೊತೆಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತು ಬಂತೆಂದು ಸೀಮೆಸುಣ್ಣದ ಗುರುತು ಹಾಕಿ ಎಣಿಸಬೇಕು. ಮೂರೂ ಕಾಲಿಗೆ ಚೂರು ಹೆಚ್ಚು ಬಂದರೆ ಸರಿ.

ಹಿಮ ಕರಗಿದ ಮೇಲೆ ಹುಡುಕಲು ಹೋಗುತ್ತೇವೆ. ಸಿಗದಿದ್ದರೆ ಅವನು ಈಗಿರುವ 2.73ರಲ್ಲೇ ಓಡಿಸಲಿ. ಏರಿನಲ್ಲಿ ಎಳೆಯದಿದ್ದರೆ ನಾಲ್ಕನೇ ಗೇರು ಇದ್ದೇ ಇದೆ.